ಕೈ ಚಾಚಿಸದೆ ಕೊಡು

ಯವ್ವಾ, ಬೆಂಗಳೂರಿಗೆ ಹೋಗಿ ಕೆಲಸಕ್ಕೆ ಸೇರಿದ ಮೇಲೆ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಇದೊಂದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ನನ್ನಿಂದಾಗಲಿಲ್ಲ. "ಅಜ್ಜಿ, ರಾತ್ರಿ ಊಟ ತಂದುಕೊಡೋ ಹುಡುಗರಿಗೆ ಮ್ಯಾಲ ರೊಕ್ಕ ಕೊಡಬೇಕೇನು? ಎಷ್ಟು ಕೊಡಬೇಕು? ಕೊಡಲಿಲ್ಲಂದ್ರ ತಪ್ಪಾ?" ಎಂದು ಕೇಳಿದೆ. ನಿನ್ನ ರೂಮಿನಲ್ಲಿ ಒಬ್ಬಳು ಪ್ರತಿ ಸಲವೂ ಕೊಡುತ್ತಾಳೆ, ಇನ್ನೊಬ್ಬಳು "ಡೆಲಿವರಿ ಚಾರ್ಜ್ ಕಟ್ಟಿದ್ದೀವಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ, ಇಬ್ಬರಲ್ಲಿ ಯಾರು ಸರಿ ಎಂದು ತಿಳಿಯುತ್ತಿಲ್ಲ ಎಂದೆ. ಮುದಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸಿ ಮಕ್ಕಳನ್ನು ಬೆಳೆಸಿದವಳು ನಾನು. ಉಂಡವರು ತಟ್ಟೆಯ ಪಕ್ಕ ಬಿಟ್ಟುಹೋಗುವ ರೊಕ್ಕವನ್ನೂ ನೋಡಿದ್ದೇನೆ, ಅದನ್ನು ಎತ್ತಿಕೊಳ್ಳುವವರ ಮುಖವನ್ನೂ ನೋಡಿದ್ದೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಿನ್ನ ಚಿಕ್ಕಪ್ಪನ ಮಗ ಅದೇ ಊರಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಗಾಡಿ ಓಡಿಸುತ್ತಿದ್ದಾನಲ್ಲ, ಅವನಿಗೂ ಇದನ್ನು ತೋರಿಸು. ಕೊನೆಯಲ್ಲಿ ಅವನಿಗೆ ಹೇಳುವುದೂ ಇದೆ.

ಮೊದಲು ಲೆಕ್ಕ ನೋಡು. ಝೊಮ್ಯಾಟೊ ಸ್ಥಾಪಕ ದೀಪಿಂದರ್ ಗೋಯಲ್ 2026ರ ಜನವರಿಯಲ್ಲಿ ತಾವೇ ಬಹಿರಂಗಪಡಿಸಿದ ಅಂಕಿಗಳಿವು: 2025ರಲ್ಲಿ ಅವರ ಡೆಲಿವರಿ ಹುಡುಗರ ಗಳಿಕೆ ಸರಾಸರಿ ಗಂಟೆಗೆ 102 ರೂಪಾಯಿ. ಅದು ಟಿಪ್ಸ್ ಬಿಟ್ಟು. ಟಿಪ್ಸ್‌ನಿಂದ ಬಂದದ್ದು ಗಂಟೆಗೆ 2 ರೂಪಾಯಿ 60 ಪೈಸೆ. ನೂರು ಊಟ ಮುಟ್ಟಿಸಿದರೆ ಐದು ಮನೆಯವರು ಮಾತ್ರ ಮೇಲೆ ಏನಾದರೂ ಕೊಡುತ್ತಾರಂತೆ. ಆ 102 ರೂಪಾಯಿಯಲ್ಲಿಯೇ ಪೆಟ್ರೋಲು, ಗಾಡಿಯ ರಿಪೇರಿ ಎಲ್ಲ ಆಗಬೇಕು. ಗಾಡಿ ಅವನದು, ಅದರ ಕಂತೂ ಅವನದು, ಫೋನೂ ಅವನದು. ನೀನು ಕಟ್ಟುವ ಡೆಲಿವರಿ ಚಾರ್ಜು ಇದ್ದ ಹಾಗೆ ಅವನ ಜೇಬಿಗೆ ಹೋಗುತ್ತದೆ ಎಂದು ನಿನ್ನ ಗೆಳತಿ ತಿಳಿದಿದ್ದರೆ ಅದು ಸರಿಯಲ್ಲ. ಅವನಿಗೆ ಆರ್ಡರಿಗೆ ಎಷ್ಟು ಎನ್ನುವುದನ್ನು ಕಂಪನಿ ದೂರ, ಹೊತ್ತು ನೋಡಿ ತನ್ನದೇ ಲೆಕ್ಕದಲ್ಲಿ ಕಟ್ಟುತ್ತದೆ. ಹಾಗೆಂದು ಪ್ರತಿ ಸಲ ಕೊಡುವವಳೇ ಪುಣ್ಯವಂತೆ, ಕೊಡದವಳು ಪಾಪಿ ಎಂದು ನಾನು ಹೇಳುವುದಿಲ್ಲ. ಕೊಡುವ ರೀತಿ ತಿಳಿಯದೆ ಐವತ್ತು ಕೊಟ್ಟವರನ್ನೂ ಕಂಡಿದ್ದೇನೆ, ಬರಿಗೈಯಲ್ಲೇ ಮನುಷ್ಯರಾಗಿ ನಡೆದುಕೊಂಡವರನ್ನೂ ಕಂಡಿದ್ದೇನೆ.

ನಾನು ಸಣ್ಣವಳಿದ್ದಾಗ ನಮ್ಮಪ್ಪನ ಕಣದಲ್ಲಿ ಜೋಳದ ರಾಶಿಯಾಗುವ ದಿನ ಆಯಗಾರರು ಬರುತ್ತಿದ್ದರು. ಬಡಿಗೇರರು, ಕಮ್ಮಾರರು, ಕುಂಬಾರರು, ಅಗಸರು, ಹಡಪದವರು. ವರ್ಷವಿಡೀ ಕೂರಿಗೆ ಕುಂಟೆ ದುರಸ್ತಿ ಮಾಡಿದ್ದಕ್ಕೆ, ಗಡಿಗೆ ಕೊಟ್ಟದ್ದಕ್ಕೆ, ಬಟ್ಟೆ ಒಗೆದದ್ದಕ್ಕೆ ಕಾಳಿನಲ್ಲಿ ಪಾಲು. ಎತ್ತಿನ ಲೆಕ್ಕ, ಹೊಲದ ಲೆಕ್ಕ ಮೊದಲೇ ಗೊತ್ತಿರುತ್ತಿತ್ತು. ವಿಜಯನಗರದ ಕಾಲದಿಂದ ನಡೆದು ಬಂದ ಪದ್ಧತಿ ಎಂದು ಓದಿದವರು ಹೇಳುತ್ತಾರೆ. ಬಡಿಗೇರ ಮನೆಯ ಹಿರಿಯ ತನ್ನ ಪಾಲು ತುಂಬಿಸಿಕೊಳ್ಳುವಾಗ ಯಾರಿಗೂ ಕೈಮುಗಿಯುತ್ತಿರಲಿಲ್ಲ. ಕಡಿಮೆ ಬಿದ್ದರೆ ಕಣದ ನಡುವೆಯೇ ನಿಂತು, "ಗೌಡ್ರ, ಅಳತಿ ಸರಿಯಾಗಲಿಲ್ಲ" ಎನ್ನುತ್ತಿದ್ದ. ಹೇಳಿಸಿಕೊಂಡು ನಮ್ಮಪ್ಪ ಮತ್ತೊಂದು ಮೊರ ಹಾಕುತ್ತಿದ್ದ. ಆದರೆ ಅದೇ ಕಣದ ಅಂಚಿನಲ್ಲಿ, ಒಳಗೆ ಕಾಲಿಡಲು ಬಿಡದೆ ನಿಲ್ಲಿಸಿದ ಇನ್ನೂ ಕೆಲವರು ಇರುತ್ತಿದ್ದರು. ಹೊತ್ತು ಮುಳುಗುವ ತನಕ ಕಾಯಬೇಕು. ಎಲ್ಲರ ಪಾಲು ಮುಗಿದ ಮೇಲೆ ಕಣದ ತಳದ ಮಣ್ಣು ಬೆರೆತ ಕಾಳನ್ನು ಅವರ ಉಡಿಗೆ ಮೇಲಿನಿಂದ ಸುರಿಯುತ್ತಿದ್ದರು. ವರ್ಷವೆಲ್ಲ ಅವರು ಮಾಡಿದ ಕೆಲಸ ಬಡಿಗೇರರದ್ದಕ್ಕಿಂತ ತೂಕದಲ್ಲಿ ಕಡಿಮೆಯದಲ್ಲ. ಆ ಅಂಚಿನಲ್ಲಿ ನಿಂತವರಲ್ಲಿ ನನ್ನ ವಯಸ್ಸಿನ ಒಬ್ಬ ಹುಡುಗಿಯೂ ಇರುತ್ತಿದ್ದಳು. ಅವಳು ಕಾಳು ಹಿಡಿಯುವಾಗ ಮುಖವನ್ನು ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಕೊಡುವ ಮಾತು ಬಂದಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ಎಷ್ಟು ಕೊಟ್ಟೆ ಎಂದು ಎಣಿಸುವ ಮೊದಲು, ತೆಗೆದುಕೊಳ್ಳುವವರು ನೆಟ್ಟಗೆ ನಿಂತು ತೆಗೆದುಕೊಂಡರೋ ಬಗ್ಗಿ ತೆಗೆದುಕೊಂಡರೋ ನೋಡು. ನಿನಗೆ ಹೇಳಬೇಕಾದ ಮಾತಿನ ಬೇರು ಇಷ್ಟೇ, ಉಳಿದದ್ದೆಲ್ಲ ಇದರ ಟೊಂಗೆ.

ಖಾನಾವಳಿಯ ಮಾತಿಗೆ ಬರುತ್ತೇನೆ. ಬಡಿಸುವ ಹುಡುಗರಿಗೆ ಗಿರಾಕಿಗಳು ಎಂಟಾಣೆ, ರೂಪಾಯಿ ಬಿಟ್ಟು ಹೋಗುವ ಕಾಲದಿಂದ ಹತ್ತರ ನೋಟು ಬಿಡುವ ಕಾಲದವರೆಗೆ ನಾನು ಗಲ್ಲೆಯ ಹಿಂದೆ ಕುಳಿತವಳು. ಹೊರಗೆ ಬಡಿಸುವವರಿಗೆ ಬರುತ್ತಿತ್ತು. ಒಳಗೆ ಒಲೆಯ ಮುಂದೆ ಹೊಗೆ ಕುಡಿಯುತ್ತ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ, ಹಿತ್ತಲಲ್ಲಿ ತಟ್ಟೆ ತಿಕ್ಕುವವಳಿಗೆ ಏನೂ ಇಲ್ಲ, ಯಾಕೆಂದರೆ ಅವರು ಗಿರಾಕಿಯ ಕಣ್ಣಿಗೆ ಬೀಳುವವರಲ್ಲ. ಅದಕ್ಕೆ ನಾನು ಗಲ್ಲೆಯ ಪಕ್ಕ ಒಂದು ಡಬ್ಬಿ ಇಟ್ಟೆ. ಬಂದದ್ದೆಲ್ಲ ಅದರಲ್ಲಿ, ಸಂತೆಯ ಹಿಂದಿನ ದಿನ ಎಲ್ಲರಿಗೂ ಸಮ. ಒಬ್ಬ ಹುಡುಗನಿಗೆ ಸಿಟ್ಟು ಬಂತು. "ಗಿರಾಕಿ ನನಗ ಕೊಟ್ಟಾನ್ರೀ ಅಕ್ಕಾರ" ಎಂದ. "ರೊಟ್ಟಿ ಬಿಸಿ ಇತ್ತಂತ ಕೊಟ್ಟಾನ. ಅದನ್ನ ಬಡಿದಾಕಿ ಯಾರು?" ಎಂದು ಕೇಳಿದೆ. ಮರುವಾರದಿಂದ ಅವನೇ ಡಬ್ಬಿ ಎಣಿಸಲು ಕುಳಿತ. ಮೊಹರಂ ಬಂತೆಂದರೆ ಹುಸೇನಿ ಆಲಂ ದರ್ಶನಕ್ಕೆ ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದ ಜನ ಬರುತ್ತಾರಲ್ಲ, ಗುಳೆ ಹೋದ ನಮ್ಮವರೂ ಊರಿಗೆ ಬರುತ್ತಾರೆ. ಖತಲ್ ರಾತ್ರಿ ನಮ್ಮ ಒಲೆ ಆರುತ್ತಲೇ ಇರಲಿಲ್ಲ. ಆ ಹತ್ತು ದಿನದ ಡಬ್ಬಿಯಿಂದ ರೊಟ್ಟಿ ಬಡಿಯುವವರು ಮಕ್ಕಳಿಗೆ ಬಟ್ಟೆ ತಂದದ್ದುಂಟು.

ಇನ್ನೊಂದು ಮಾತನ್ನು ಆಗ ಗಟ್ಟಿಯಾಗಿ ಹಿಡಿದುಕೊಂಡೆ. ಡಬ್ಬಿಯ ರೊಕ್ಕಕ್ಕೂ ಪಗಾರಕ್ಕೂ ಸಂಬಂಧ ಇರಬಾರದು. ಸುತ್ತಮುತ್ತಲಿನ ಹೋಟೆಲುಗಳಲ್ಲಿ ಕೆಲವು ಮಾಲೀಕರು, "ಟಿಪ್ಸ್ ಬರ್ತಾವಲ್ಲ, ಪಗಾರ ಯಾಕ ಹೆಚ್ಚು?" ಎನ್ನುತ್ತಿದ್ದರು. ಗಿರಾಕಿಯ ಮನಸ್ಸಿನ ಖುಷಿಯನ್ನು ಮಾಲೀಕ ತನ್ನ ಉಳಿತಾಯ ಮಾಡಿಕೊಳ್ಳುವ ಕೆಲಸ ಅದು. ಇದು ಸಣ್ಣ ಊರಿನ ಬುದ್ಧಿ ಎಂದುಕೊಳ್ಳಬೇಡ. ಅಮೆರಿಕದಲ್ಲಿ ಡೋರ್‌ಡ್ಯಾಶ್ ಎಂಬ ದೊಡ್ಡ ಕಂಪನಿ 2017ರಿಂದ 2019ರವರೆಗೆ ಇದನ್ನೇ ಮಾಡಿತು: ಒಂದು ಆರ್ಡರಿಗೆ ಇಷ್ಟು ಎಂದು ಹುಡುಗರಿಗೆ ಮಾತು ಕೊಟ್ಟು, ಗಿರಾಕಿ ಕೊಟ್ಟ ಟಿಪ್ಸನ್ನು ಆ ಲೆಕ್ಕದಲ್ಲೇ ತುಂಬಿಸಿಕೊಂಡು ತನ್ನ ಪಾಲು ಇಳಿಸಿಕೊಂಡಿತು. ಜನ ತಿರುಗಿಬಿದ್ದ ಮೇಲೆ ನಿಲ್ಲಿಸಿತು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಜತೆ ರಾಜಿಯಾಗಿ 2025ರಲ್ಲಿ ಸುಮಾರು 1.67 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಅಲ್ಲಿಯ ಹೋಟೆಲುಗಳಲ್ಲಿ ಬಡಿಸುವವರ ಕನಿಷ್ಠ ಕೂಲಿ, ಕೇಂದ್ರದ ಕಾನೂನಿನ ಪ್ರಕಾರ, ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಏರಿಲ್ಲ. ಉಳಿದದ್ದು ಗಿರಾಕಿಯ ಟಿಪ್ಸಿನಿಂದ ತುಂಬಬೇಕು. ಅದಕ್ಕೇ ಅಲ್ಲಿ ಬಿಲ್ಲಿನ ಮೇಲೆ ನೂರಕ್ಕೆ ಹದಿನೈದು, ಇಪ್ಪತ್ತು ಕೊಡದಿದ್ದರೆ ಕೂಲಿ ಮುರಿದ ಹಾಗೆ. ನೀನು ಕಂಪನಿಯ ಕೆಲಸಕ್ಕೆ ಅಲ್ಲಿಗೆ ಹೋದರೆ ರೂಪಾಯಿಗೆ ಲೆಕ್ಕ ಹಾಕಿ ಕೈ ಬಿಗಿ ಹಿಡಿಯಬೇಡ, ಅಲ್ಲಿಯ ರೀತಿಯಲ್ಲೇ ಕೊಡು. ಜಪಾನಿಗೆ ಹೋದರೆ ಮೇಜಿನ ಮೇಲೆ ಚಿಲ್ಲರೆ ಬಿಟ್ಟುಬರಬೇಡ, ಮರೆತು ಹೋದಿರೆಂದು ಹಿಂದೆ ಓಡಿ ಬಂದು ಕೊಟ್ಟಾರು. ನಮ್ಮ ದೇಶದ ರೀತಿ ಎರಡೂ ಅಲ್ಲ. ಇಲ್ಲಿ ಪಗಾರ ಪಗಾರವಾಗಿಯೇ ಬರಬೇಕು ಎಂದು ಕೇಳುವುದು ನಮ್ಮ ಮೊದಲ ಕೆಲಸ. ಮೇಲಿನ ಹತ್ತಿಪ್ಪತ್ತು ಆಮೇಲಿನದು.

ಈಗ ನಿನ್ನ ಪ್ರಶ್ನೆ: ಎಷ್ಟು? ಬಾಗಿಲ ಹತ್ತಿರ ಒಂದು ಡಬ್ಬಿಯಲ್ಲಿ ಹತ್ತು, ಇಪ್ಪತ್ತರ ನೋಟು ಇಟ್ಟಿರು. ಸಾಧಾರಣ ದಿನ ಇಪ್ಪತ್ತು ಸಾಕು. ಮಳೆ ಹುಯ್ಯುತ್ತಿದ್ದರೆ, ರಾತ್ರಿ ಹನ್ನೊಂದು ದಾಟಿದ್ದರೆ, ಲಿಫ್ಟ್ ಕೆಟ್ಟು ನಾಲ್ಕು ಮಹಡಿ ಹತ್ತಿದ್ದರೆ ಮೂವತ್ತೋ ಐವತ್ತೋ ಕೊಡು. ನಿನ್ನ ಕೈಯಲ್ಲಿ ಇಲ್ಲದ ದಿನ ಕೊಡಬೇಡ; ಸಾಲ ಮಾಡಿ ಕೊಡುವುದು ಯಾರಿಗೂ ಒಳ್ಳೆಯದಲ್ಲ. ಆ್ಯಪಿನಲ್ಲಿ ಕೊಟ್ಟದ್ದು ಪೂರ್ತಿ ಹುಡುಗರಿಗೇ ಹೋಗುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಆದರೂ ಕೈಗೆ ಕೊಟ್ಟರೆ ಅವತ್ತಿನ ಪೆಟ್ರೋಲಿಗೆ ಅವತ್ತೇ ಆಗುತ್ತದೆ. ಆದರೆ ನೀವು ಮೂವರು ಹುಡುಗಿಯರು ಇರುವ ಮನೆ. ಫೋನ್‌ಪೇಯಲ್ಲಿ ಕಳಿಸಿದರೆ ನಿನ್ನ ಹೆಸರು, ನಂಬರು ಅಪರಿಚಿತರಿಗೆ ಹೋಗುತ್ತದೆ. ಕೈಯಲ್ಲಿ ನೋಟಿಲ್ಲದ ದಿನ ಆ್ಯಪಿನಲ್ಲೇ ಹಾಕು. ಕೊಟ್ಟದ್ದನ್ನು ಹೇಳಿ ತೋರಿಸಬೇಡ, ವಿಡಿಯೊ ಮಾಡುವ ಗೆಳತಿಯರಿದ್ದರೆ ನಿಲ್ಲಿಸು. ಒಬ್ಬ ಮನುಷ್ಯ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುವುದನ್ನು ಸಾವಿರ ಜನ ನೋಡಬೇಕಾದ ಕಾರಣವೇ ಇಲ್ಲ.

ರೊಕ್ಕಕ್ಕಿಂತ ಮುಂಚೆ ಕೊಡುವುದು ಬಹಳ ಇದೆ. ಅವನಿಗೆ ಹೊತ್ತೇ ಕೂಲಿ. ವಿಳಾಸ ಸರಿಯಾಗಿ ಹಾಕು, ಗೇಟಿನ ಗುರುತು ಬರೆ, ಫೋನ್ ಬಂದ ಕೂಡಲೇ ಎತ್ತು, ಓಟಿಪಿ ಕೈಯಲ್ಲಿ ಹಿಡಿದಿರು. ಹತ್ತು ನಿಮಿಷ ಅವನನ್ನು ಗೇಟಿನಲ್ಲಿ ನಿಲ್ಲಿಸಿ ಇಪ್ಪತ್ತು ಕೊಟ್ಟರೆ ಅವನಿಗೆ ನಷ್ಟವೇ. ಹೋಟೆಲಿನವರು ಉಪ್ಪು ಹೆಚ್ಚು ಹಾಕಿದ್ದಕ್ಕೆ ಅವನ ಸ್ಟಾರ್ ಕಡಿಮೆ ಮಾಡಬೇಡ. ಆ ಸ್ಟಾರಿನ ಮೇಲೆ ಅವನಿಗೆ ಮುಂದೆ ಸಿಗುವ ಕೆಲಸ ನಿಂತಿರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಡೆಲಿವರಿಯವರು ಲಿಫ್ಟ್ ಹತ್ತಬಾರದು ಎಂದು ಬೋರ್ಡ್ ಹಾಕಿದ್ದಾರೆಂದು ನೀನೇ ಹೇಳಿದ್ದೆ. ಆ ಬೋರ್ಡಿನ ಮಾತು ಕೇಳಿದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮಪ್ಪನ ಕಣದ ಅಂಚು. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಆ ಬೋರ್ಡ್ ತೆಗೆಸಲು ಹೇಳು. ಬಾಡಿಗೆಯವರ ಮಾತು ಕೇಳುವುದಿಲ್ಲ ಎಂದರೆ ನೀನು ಕೆಳಗಿಳಿದು ಹೋಗಿ ತೆಗೆದುಕೋ. ಬೇಸಿಗೆಯಲ್ಲಿ ನೀರು ಬೇಕೇ ಎಂದು ಕೇಳು. ಕೇಳುವಾಗ ನಮ್ಮ ಕಡೆಯ 'ರೀ' ಮರೆಯಬೇಡ. "ನೀರು ಕುಡೀತೀರೇನ್ರೀ ಅಣ್ಣಾ" ಎಂದರೆ ಅವನು ಯಾವ ಜಿಲ್ಲೆಯವನಾದರೂ ನೆಟ್ಟಗೆ ನಿಲ್ಲುತ್ತಾನೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಹುಡುಗರು ಅಲ್ಲಿ ಎಷ್ಟೋ ಮಂದಿ ಇದ್ದಾರೆ.

ಆ್ಯಪಿನಲ್ಲಿ ತರುವವನ ಹೆಸರು ಕಾಣುತ್ತದಲ್ಲ. 2019ರ ಜುಲೈನಲ್ಲಿ ಜಬಲ್ಪುರದ ಒಬ್ಬ ಗಿರಾಕಿ ಆ ಹೆಸರು ನೋಡಿ, ಮುಸ್ಲಿಂ ಹುಡುಗ ಬೇಡ, ಬೇರೆಯವರನ್ನು ಕಳಿಸಿ ಎಂದು ಕೇಳಿದ. ಊಟಕ್ಕೆ ಧರ್ಮವಿಲ್ಲ ಎಂದು ಝೊಮ್ಯಾಟೊ ಉತ್ತರ ಕೊಟ್ಟಿತು. ದೇಶವೆಲ್ಲ ಸುದ್ದಿಯಾಯಿತು. ನೀನು ಮುದಗಲ್‌ನ ಹುಡುಗಿ. ಇಲ್ಲಿ ಮೊಹರಂನಲ್ಲಿ ಅಲಾಯಿ ದೇವರಿಗೆ ಹರಕೆ ಹೊತ್ತು ಫಕೀರರಾಗುವವರಲ್ಲಿ ಯಾವ ಜಾತಿಯವರಿಲ್ಲ ಹೇಳು. ನಿನ್ನ ತಾಯಿ ನಿನ್ನನ್ನು ಹೊತ್ತಾಗ ಚೊಂಗೆ ಮಾಡಿ ಹಂಚುವ ಹರಕೆ ಹೊತ್ತಿದ್ದಳು. ಅಂಥ ಊರಿನಿಂದ ಹೋದವಳ ಬಾಗಿಲಲ್ಲಿ ಹೆಸರು ನೋಡಿ ಮುಖ ಬೇರೆ ಮಾಡುವುದು ನಡೆಯಬಾರದು, ನಿನ್ನ ರೂಮಿನ ಬೇರೆ ಯಾರಾದರೂ ಮಾಡಿದರೂ ಸುಮ್ಮನಿರಬಾರದು.

ಇನ್ನು ಕೇಳಿ ತೆಗೆದುಕೊಳ್ಳುವವರ ಮಾತು. ಗ್ಯಾಸ್ ಸಿಲಿಂಡರ್ ತರುವವರು ಬಿಲ್ಲಿನ ಮೇಲೆ ಮೂವತ್ತು ನಲವತ್ತು ಕೇಳುವುದು ನಮ್ಮೂರಿನಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಮನೆಗೆ ಮುಟ್ಟಿಸುವ ಖರ್ಚು ಬಿಲ್ಲಿನ ದರದಲ್ಲೇ ಸೇರಿರುತ್ತದೆ, ಮೇಲೆ ಕೊಡಲೇಬೇಕೆಂಬ ನಿಯಮವಿಲ್ಲ. ಒಳಗಿನ ಗ್ಯಾಸು 14.2 ಕಿಲೋ ಇದೆಯೇ ಎಂದು ತೂಗಿಸಿ ನೋಡುವ ಹಕ್ಕೂ ನಿನಗಿದೆ. ಆದರೆ ಹಕ್ಕು ಹೇಳುವಾಗ ಎದುರಿಗಿರುವವನನ್ನು ಕಳ್ಳನನ್ನು ಕಂಡ ಹಾಗೆ ನೋಡಬೇಡ. ತುಂಬಿದ ಸಿಲಿಂಡರ್ ಕಬ್ಬಿಣ ಸೇರಿ 30 ಕಿಲೋ. ಹೆಗಲ ಮೇಲೆ ಹೊತ್ತು ದಿನವೆಲ್ಲ ಮೆಟ್ಟಿಲು ಹತ್ತುವವನಿಗೆ ಏಜೆನ್ಸಿ ಏನು ಕೊಡುತ್ತದೆ ಎಂಬುದನ್ನು ಕೇಳಿದವರಿಲ್ಲ. ಅವನು ಹಠ ಹಿಡಿದು ಕೇಳಿದರೆ ಬಿಲ್ಲಿನಷ್ಟೇ ಕೊಟ್ಟು, ಏಜೆನ್ಸಿಗೆ ದೂರು ಹೇಳು. ಕೇಳದೆ ಮೂರನೇ ಮಹಡಿಗೆ ಹೊತ್ತು ತಂದು, ಒಳಗಿಟ್ಟು, ರೆಗ್ಯುಲೇಟರ್ ಹಚ್ಚಿ ನೋಡಿ ಹೋಗುವವನಿಗೆ ನಿನ್ನ ಮನಸ್ಸಿನಿಂದ ಕೊಡು. ಮನೆ ಬದಲಿಸುವಾಗ ಸಾಮಾನು ಹೊರುವ ಹಮಾಲರ ಜತೆ ಮಾತ್ರ ಮೊದಲೇ ರೇಟು ಮಾತಾಡಿಕೋ. ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ, ನಮ್ಮ ಎಪಿಎಂಸಿಗಳಲ್ಲಿ ಚೀಲಕ್ಕೆ ಇಷ್ಟು ಎಂದು ಮಾತಾಡಿ ಕೆಲಸ ಶುರು ಮಾಡುತ್ತಾರೆ. ಅಲ್ಲಿ ಕೊನೆಗೆ ಚಹಾಕ್ಕೆ ಎಂದು ಕೊಡುವುದು ಬೇರೆ, ಕೂಲಿ ಬೇರೆ. ಚಹಾದ ರೊಕ್ಕ ತೋರಿಸಿ ಕೂಲಿ ಇಳಿಸುವ ವ್ಯಾಪಾರಿಗಳನ್ನು ನೋಡಿದ್ದೇನೆ, ನೀನು ಹಾಗೆ ಮಾಡಬೇಡ.

ಹೋಟೆಲಿನ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಎಂದು ಸೇರಿಸಿದ್ದರೆ ಅದು ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹಾಗೆ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಲು ಹೇಳು, ಬಡಿಸಿದವನ ಕೈಗೆ ನೇರವಾಗಿ ಕೊಡು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915. ನಮ್ಮ ಕಡೆಯ ಮಕ್ಕಳಿಗೆ ಆ ಸಂಖ್ಯೆ ಮರೆಯುವುದಿಲ್ಲ: ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕ ವರ್ಷವದು.

ಆಟೋ, ಕಾರಿನ ಆ್ಯಪಿನಲ್ಲಿ ಗಾಡಿ ಬರುವ ಮೊದಲೇ ಟಿಪ್ಸ್ ಹಾಕಿದರೆ ಬೇಗ ಬರುತ್ತದೆ ಎಂದು ಕೇಳುತ್ತಾರಲ್ಲ, ಅದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಧಾರವಾಡದ ಸಂಸದರು, ಕೇಂದ್ರದ ಗ್ರಾಹಕ ವ್ಯವಹಾರ ಸಚಿವ ಪ್ರಲ್ಹಾದ ಜೋಶಿ ಇದನ್ನು ಅನೈತಿಕ ಎಂದು ಕರೆದರು, ಪ್ರಾಧಿಕಾರ ಊಬರ್‌ಗೆ ನೋಟಿಸ್ ಕಳಿಸಿತು. ಟಿಪ್ಸ್ ಎನ್ನುವುದು ಸೇವೆ ಆದ ಮೇಲೆ ಮೆಚ್ಚಿ ಕೊಡುವುದು ಎಂದು ಅವರು ಹೇಳಿದ್ದು ಸರಿಯಾಗಿದೆ. ಮೊದಲೇ ಕೊಡಿಸುವುದು ಹರಾಜು. ಹೆಚ್ಚು ಕೂಗಿದವರಿಗೆ ಗಾಡಿ, ಆಸ್ಪತ್ರೆಗೆ ಹೋಗಬೇಕಾದ ಬಡವಿ ರಸ್ತೆಯಲ್ಲಿ. ಡ್ರೈವರುಗಳು ಕೂಡ ಇದರಿಂದ ಗೆಲ್ಲುವುದಿಲ್ಲ. ಸರಿಯಾದ ದರ ಕೊಡಬೇಕಾದ ಕಂಪನಿ ಪಕ್ಕಕ್ಕೆ ಸರಿದು ನಿಂತು, ಅವನನ್ನೂ ನಿನ್ನನ್ನೂ ಜಗ್ಗಾಡಲು ಬಿಡುತ್ತದೆ.

ಆಸ್ಪತ್ರೆ ಎಂದಾಗ ಹೇಳಲೇಬೇಕಾದ ಮಾತೊಂದಿದೆ. ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ ನಾನು ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳ ಜತೆ ರಾತ್ರಿಗಳನ್ನು ಕಳೆದಿದ್ದೇನೆ. ಕೂಸು ಹುಟ್ಟಿದ ಮೇಲೆ ತೋರಿಸಲು "ಖುಷಿಗೆ ಕೊಡ್ರಿ" ಎನ್ನುವ ಮಾತು ಎಲ್ಲರೂ ಕೇಳಿದ್ದೇ. ಗಂಡಾದರೆ ಒಂದು ರೇಟು, ಹೆಣ್ಣಾದರೆ ಒಂದು ರೇಟು. ಜಿಲ್ಲೆ ಬೇರೆಯಾದರೂ ಮಾತು ಬೇರೆಯಾಗಿರಲಿಲ್ಲ. ಒಮ್ಮೆ ಒಬ್ಬ ಕೂಲಿಯ ಹೆಂಗಸಿಗೆ ಹೆಣ್ಣು ಹುಟ್ಟಿತು. "ಹೆಣ್ಣು ಐತಿ, ಅರ್ಧ ಕೊಡ್ರಿ ಸಾಕು" ಎಂದರು. ಕೂಸಿನ ಅಜ್ಜಿ ಸೆರಗಿನ ಗಂಟು ಬಿಚ್ಚಿ ಇದ್ದದ್ದೆಲ್ಲ ಎಣಿಸಿದಳು. ಹುಟ್ಟಿ ಒಂದು ತಾಸೂ ಆಗದ ಕೂಸಿಗೆ ಬೆಲೆ ಕಟ್ಟಿ, ಅದರಲ್ಲೂ ಅರ್ಧ ಬೆಲೆ ಕಟ್ಟಿ ಅದನ್ನು ಖುಷಿ ಎಂದು ಕರೆಯುವುದನ್ನು ನನ್ನಿಂದ ಇವತ್ತಿಗೂ ಸಹಿಸಲಾಗುವುದಿಲ್ಲ. ಇದು ಟಿಪ್ಸ್ ಅಲ್ಲ, ಲಂಚ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದದ್ದು 2011ರಲ್ಲಿ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯೂ ಔಷಧಿಯೂ ಊಟವೂ ಪುಕ್ಕಟೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವರೂ ಅಪರಾಧಿಗಳೇ. ಆದರೆ ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಅವರ ಮೇಲೆ ತಪ್ಪು ಬರುವುದಿಲ್ಲ. ದೂರು ಲೋಕಾಯುಕ್ತ ಪೊಲೀಸರಿಗೆ. ಆಸ್ಪತ್ರೆಯಲ್ಲಿರಲಿ, ಕಚೇರಿಯಲ್ಲಿರಲಿ, ಸರಕಾರದ ಪಗಾರ ಉಣ್ಣುವವರ ಕೈಗೆ ನಿನ್ನ ಕೆಲಸಕ್ಕಾಗಿ ಒಂದು ರೂಪಾಯಿಯೂ ಬೇಡ. ವಾರ್ಡಿನಲ್ಲಿ ಪ್ರೀತಿಯಿಂದ ನೋಡಿಕೊಂಡ ನರ್ಸಮ್ಮನ ಬಗ್ಗೆ ವೈದ್ಯಾಧಿಕಾರಿಗೆ ಒಂದು ಕಾಗದ ಬರೆದು ಕೊಡು. ಹಾಗೆ ಬರೆಯುವವರು ಬಹಳ ಕಡಿಮೆ.

ಮುಂಜಾನೆ ಕಸ ಒಯ್ಯುವ ಪೌರಕಾರ್ಮಿಕರಿಗೆ ಹಬ್ಬದಲ್ಲಿ ಹೋಳಿಗೆ ಕೊಡು, ಬೇಸಿಗೆಯಲ್ಲಿ ಮಜ್ಜಿಗೆ ಕೊಡು. ಅದಕ್ಕಿಂತ ಮೊದಲು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡು. ಒಡೆದ ಗಾಜನ್ನು, ನಿಮ್ಮ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬೇರೆ ಇಡು. ವರ್ಷವೆಲ್ಲ ಅವರ ಕೈಯನ್ನು ಹೊಲಸಿನಲ್ಲಿ ಅದ್ದಿಸಿ ದೀಪಾವಳಿಗೆ ನೂರು ರೂಪಾಯಿ ಕೊಟ್ಟರೆ ಯಾವ ಲೆಕ್ಕವೂ ಸರಿಹೋಗುವುದಿಲ್ಲ.

ಕೆಲವರು ಬೇಡ ಎನ್ನುತ್ತಾರೆ. ಆಗ ಒತ್ತಾಯ ಮಾಡಬೇಡ. ನಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕತೆ ನಿನಗೆ ಗೊತ್ತು. ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಿನದನ್ನು ಕೊಡುವ ಮನಸ್ಸಿದ್ದವರು ಬೇಕೆಂದೇ ಚೆಲ್ಲಿಸಿದ್ದರು ಎಂದು ಹೇಳುತ್ತಾರೆ. ಲಕ್ಕಮ್ಮ ಅದನ್ನು ಮನೆಯೊಳಗೆ ತರಗೊಡಲಿಲ್ಲ, ಹಿಂದೆ ಹೋಗಿ ಸುರಿದು ಬಾ ಎಂದಳು. ಈ ಕತೆಯನ್ನು ಎಲ್ಲರೂ ಆಸೆ ಬೇಡ ಎಂದು ಹೇಳಲು ಬಳಸುತ್ತಾರೆ. ನನಗೆ ಅದರಲ್ಲಿ ಕೊಡುವವರಿಗೂ ಪಾಠ ಕಾಣುತ್ತದೆ: ಕೊಡುವವರ ಮನಸ್ಸು ಎಷ್ಟೇ ದೊಡ್ಡದಿರಲಿ, ಬೇಡ ಎನ್ನುವ ಹಕ್ಕು ದುಡಿಯುವವರದು. ನನ್ನ ಖಾನಾವಳಿಯಲ್ಲಿ ಡಬ್ಬಿಯ ಪಾಲು ಮುಟ್ಟದ ಒಬ್ಬಾಕೆ ಇದ್ದಳು. "ನನ್ನ ರೊಟ್ಟಿ ಲೆಕ್ಕ ನನಗ ಕೊಡ್ರಿ, ಸಾಕು" ಎನ್ನುತ್ತಿದ್ದಳು. ಅವಳಿಗೆ ಒಂದು ರೊಟ್ಟಿಗೆ ಕೊಡುವ ದರವನ್ನೇ ಹೆಚ್ಚಿಸಿದೆ, ಎಲ್ಲರಿಗೂ ಹೆಚ್ಚಾಯಿತು. ಆಗ ತೆಗೆದುಕೊಂಡಳು.

ಇನ್ನು ನಿನ್ನ ತಮ್ಮನಿಗೆ. ಯಪ್ಪಾ, ಕೊಟ್ಟವರಿಗೆ ಥ್ಯಾಂಕ್ಸ್ ಹೇಳು, ಕೊಡದವರ ಮುಂದೆ ನಿಂತು ಮುಖ ನೋಡಬೇಡ. ಅವರ ಮನೆಯಲ್ಲಿ ಅವತ್ತು ಏನು ನಡೆದಿದೆಯೋ ನಿನಗೆ ತಿಳಿಯದು. ಚಿಲ್ಲರೆ ಇಲ್ಲ ಎಂದು ಹೇಳಿ ಹತ್ತು ರೂಪಾಯಿ ಉಳಿಸಿಕೊಳ್ಳುವ ಗೆಳೆಯರ ಚಾಳಿ ಹಿಡಿಯಬೇಡ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು ಹೋಗು. ಟಿಪ್ಸ್ ನಂಬಿ ಕಂತು ಕಟ್ಟುವ ಲೆಕ್ಕ ಹಾಕಬೇಡ. ನಂಬಬೇಕಾದ್ದು ಬೇರೆ ಇದೆ. ನಮ್ಮ ರಾಜ್ಯದಲ್ಲಿ ನಿಮ್ಮಂಥವರಿಗಾಗಿ 2025ರಲ್ಲಿ ಕಾನೂನು ಬಂದಿದೆ, ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ. ನಿಮಗೆ ಪ್ರತಿ ಕೆಲಸಕ್ಕೆ ಕೊಡುವ ಹಣದ ಶೇಕಡ 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ಬರೆದು ತಿಳಿಸದೆ, 14 ದಿನದ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಅದಕ್ಕೂ ಮೊದಲೇ, 2023ರಲ್ಲಿ, ರಾಜ್ಯ ಸರಕಾರ ಡೆಲಿವರಿ ಹುಡುಗರಿಗೆ ವಿಮೆ ಮಾಡಿದೆ: ಜೀವ ವಿಮೆ 2 ಲಕ್ಷ, ಅಪಘಾತ ವಿಮೆ ಮತ್ತೆ 2 ಲಕ್ಷ. ನೀನು ಕಂತು ಕಟ್ಟುವುದು ಬೇಡ, ಹೆಸರು ನೋಂದಾಯಿಸಬೇಕು ಅಷ್ಟೆ. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯದು ಅದು. ಕೇಂದ್ರದ ಇ-ಶ್ರಮ್‌ನಲ್ಲೂ ನಿಮ್ಮ ಕೆಲಸದವರಿಗೆ ನೋಂದಣಿ ಇದೆ.

ಯವ್ವಾ, ಮೊನ್ನೆ ನಿನ್ನ ಚಿಕ್ಕಮ್ಮ ಹೇಳಿದಳು, ಹುಡುಗ ಇವತ್ತು ನಾಳೆ ಎನ್ನುತ್ತ ಯಾವುದನ್ನೂ ಮಾಡಿಸಿಲ್ಲ ಎಂದು. ಅವನ ಆಧಾರಿಗೆ ಹಳೆಯ ನಂಬರ್ ಜೋಡಿಸಿದೆ, ಓಟಿಪಿ ಬರುವುದಿಲ್ಲವಂತೆ. ಈ ಭಾನುವಾರ ನೀನೇ ಅವನ ರೂಮಿಗೆ ಹೋಗು, ಲ್ಯಾಪ್‌ಟಾಪ್ ಒಯ್ಯಿ. ನಂಬರ್ ಬದಲಿಸಲು ಆಧಾರ್ ಕೇಂದ್ರದ ಹೊತ್ತು ಹಿಡಿದುಕೊಡು, ಬ್ಯಾಂಕ್ ಪಾಸ್‌ಬುಕ್ ತೆಗೆಸಿ ಇಡು, ನಾಮಿನಿಗೆ ಅವನ ತಾಯಿಯ ಹೆಸರು ಹಾಕಿಸು. ಮುಗಿದ ಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.